ಶಾಲೆಯ ಸಾಲ ಮತ್ತು ಮಾಮಾಲ ಮರ

ಕಾಮಾಲೆಗೆ ಮದ್ದು ಕೊಡುವವರು ನಮ್ಮ ಮಲೆನಾಡಿನಲ್ಲಿ ಹೋಬಳಿಗೆ ಒಬ್ಬರಾದರೂ ಸಿಗುತ್ತಾರೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಬರಬೇಕು, ಉಪ್ಪು, ಹುಳಿ, ಖಾರ, ಎಣ್ಣೆ ಬಿಟ್ಟು ಪಥ್ಯ ಮಾಡಬೇಕು. ಅವರು ದುಡ್ಡು ಕೇಳುವುದಿಲ್ಲ, ತಟ್ಟೆಯಲ್ಲಿ ಇಟ್ಟು ಹೋದರೆ ಬೇಡವೆನ್ನುವುದೂ ಇಲ್ಲ. ಮದ್ದು ಯಾವುದೆಂದು ಮಾತ್ರ ಹೇಳುವುದಿಲ್ಲ, ಹೇಳಿದರೆ ಗುಣ ಹೋಗುತ್ತದಂತೆ. ಹೇಳದಿದ್ದರೂ ಅರ್ಧ ಊರಿಗೆ ಗೊತ್ತಿರುತ್ತದೆ: ನೆಲನೆಲ್ಲಿ. ಗೊತ್ತಿಲ್ಲದಂತೆ ನಟಿಸುವುದು ಊರಿನವರ ಮರ್ಯಾದೆ.

ಶಾಂತಸಾಗರದ ನಡುವೆ ಇರುವ ಸಮೋವಾ ದ್ವೀಪದಲ್ಲಿ ಎಪೆನೆಸಾ ಮಾವಿಗೋವಾ ಎಂಬ ಹಿರಿಯ ಹೆಂಗಸು ಇದ್ದರು. ಅವರೂ ಕಾಮಾಲೆಗೆ ಮದ್ದು ಕೊಡುತ್ತಿದ್ದರು. ಮಾಮಾಲ ಎಂಬ ಮರದ ಕಾಂಡದ ತೊಗಟೆಯನ್ನು ಕೆರೆದು, ಬಟ್ಟೆಯಲ್ಲಿ ಕಟ್ಟಿ, ಬಿಸಿನೀರಿನಲ್ಲಿ ಇಳಿಸಿಟ್ಟು, ಆ ನೀರನ್ನು ಕುಡಿಸುತ್ತಿದ್ದರು. ಎಪೆನೆಸಾ ಇದನ್ನು ಮುಚ್ಚಿಡಲಿಲ್ಲ. ಮನೆಬಾಗಿಲಿಗೆ ಬಂದು ಅವರದೇ ಭಾಷೆಯಲ್ಲಿ ಕೇಳಿದ ಬಿಳಿಯನೊಬ್ಬನಿಗೆ ಗಿಡಗಳನ್ನು ಒಂದೊಂದಾಗಿ ತೋರಿಸಿ ಹೇಳಿಕೊಟ್ಟರು. ಆತ ಪಾಲ್ ಅಲನ್ ಕಾಕ್ಸ್. ಜನಾಂಗೀಯ ಸಸ್ಯವಿಜ್ಞಾನ, ಅಂದರೆ ಜನ ಗಿಡಮರಗಳೊಡನೆ ಹೇಗೆ ಬದುಕುತ್ತಾರೆ ಎಂಬುದರ ಶಾಸ್ತ್ರ, ಅವರ ಕಸುಬು. ಅವರ ವೃತ್ತಿಜೀವನದ ಬಗ್ಗೆ ಬರೆಯಬೇಕೆಂದು ನನಗೆ ಬಹಳ ದಿನಗಳಿಂದ ಇತ್ತು. ಅದು ಸಾಹಸಗಾಥೆ ಎಂಬ ಕಾರಣಕ್ಕಲ್ಲ. ಆ ಜೀವನದಲ್ಲಿ ಯಾವುದು ನಿಂತಿತು, ಯಾವುದು ಇನ್ನೂ ತೂಗಾಡುತ್ತಿದೆ ಎಂದು ನೋಡಹೊರಟರೆ ಬರುವ ಉತ್ತರ ವಿಜ್ಞಾನಿಗಳಿಗೆ ಅಷ್ಟೇನೂ ಹಿತವಲ್ಲದ್ದು ಎಂಬ ಕಾರಣಕ್ಕೆ.

ಕಾಕ್ಸ್ ಹುಟ್ಟಿದ್ದು 1953ರಲ್ಲಿ, ಅಮೆರಿಕದ ಯೂಟಾ ರಾಜ್ಯದಲ್ಲಿ. 1973ರಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಥದ ಪ್ರಚಾರಕರಾಗಿ ಸಮೋವಾಕ್ಕೆ ಹೋದರು. ಧರ್ಮಪ್ರಚಾರಕ್ಕೆ ಹೋದವರು ಊರಿನ ಭಾಷೆ ಕಲಿಯುವುದು ನಮಗೆ ಹೊಸದಲ್ಲ. ಕಿಟೆಲರ ನಿಘಂಟನ್ನು ಇಂದಿಗೂ ಕಪಾಟಿನಲ್ಲಿ ಇಟ್ಟುಕೊಂಡವರು ನಾವು. ಸಮೋವನ್ ಭಾಷೆಯಲ್ಲಿ ಮುಖಂಡರೊಡನೆ ಆಡುವ ಮಾತೇ ಬೇರೆ, ಮನೆಯಲ್ಲಿ ಆಡುವ ಮಾತೇ ಬೇರೆ. ಕಾಕ್ಸ್ ಎರಡನ್ನೂ ಕಲಿತರು. ಆಮೇಲೆ ಊರಿಗೆ ಮರಳಿ, ಓದು ಮುಂದುವರಿಸಿ, ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದರು. ಆಗಿನ ಅವರ ಆಸಕ್ತಿ ಪರಾಗಸ್ಪರ್ಶದಲ್ಲಿತ್ತು. ಸಮೋವಾದ ಕಾಡಿನಲ್ಲಿ ಹಣ್ಣು ತಿನ್ನುವ ದೊಡ್ಡ ಬಾವಲಿಗಳು ಬಳ್ಳಿಗಳ ಹೂವಿಗೆ ಬಂದು ಹೋಗುವುದನ್ನು ಅವರು ನೋಡುತ್ತಿದ್ದರು. ಈ ಬಾವಲಿಯನ್ನು ನೆನಪಿನಲ್ಲಿಡಿ. ಇಪ್ಪತ್ತು ವರ್ಷ ಕಳೆದ ಮೇಲೆ ಇದೇ ಪ್ರಾಣಿ ಇನ್ನೊಂದು ದ್ವೀಪದಲ್ಲಿ, ತೀರಾ ಬೇರೆಯೇ ಕಾರಣಕ್ಕೆ ಅವರೆದುರು ಬರುತ್ತದೆ.

ಸ್ತನ ಕ್ಯಾನ್ಸರ್ ಅವರ ತಾಯಿಯನ್ನು ಕೊಂಡೊಯ್ದಿತು. ಕ್ಯಾನ್ಸರಿಗೆ ಮದ್ದು ಹುಡುಕಬೇಕೆಂದು 1984ರಲ್ಲಿ ಹೆಂಡತಿ ಮಕ್ಕಳೊಂದಿಗೆ ಮತ್ತೆ ಸಮೋವಾಕ್ಕೆ ಹೋದರು. ಸವಾಯಿ ದ್ವೀಪದ ಪಶ್ಚಿಮದ ತುದಿಯಲ್ಲಿರುವ ಫಲೆಯಾಲುಪೊ ಎಂಬ ಹಳ್ಳಿಯಲ್ಲಿ ಸಂಸಾರ ಹೂಡಿದರು. ಹುಡುಕಿಕೊಂಡು ಹೋದದ್ದು ಕ್ಯಾನ್ಸರ್ ಮದ್ದು, ಸಿಕ್ಕಿದ್ದು ಬೇರೆ. ನಾಟಿವೈದ್ಯರ ಹಿಂದೆ ಹೋದವರಿಗೆ ಇದು ಮಾಮೂಲಿ. ನೀವು ಕೇಳಿದ್ದಕ್ಕೆ ಅವರು ಉತ್ತರಿಸುವುದಿಲ್ಲ, ತಮಗೆ ಗೊತ್ತಿರುವುದನ್ನು ಹೇಳುತ್ತಾರೆ.

ಈ ಕೆಲಸದ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾಡಿನ ಸೊಪ್ಪನ್ನೆಲ್ಲ ಗೋಣಿಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಸುರಿಯುವುದು ಒಂದು ದಾರಿ. ಅದರಲ್ಲಿ ಸಾವಿರಕ್ಕೆ ಒಂದು ತಗುಲಿದರೆ ಪುಣ್ಯ. ವೈದ್ಯರ ಪಕ್ಕದಲ್ಲಿ ಕುಳಿತು ಕೇಳುವುದು ಇನ್ನೊಂದು ದಾರಿ. ಅಲ್ಲಿ ಗಿಡದ ಹೆಸರಿಗಿಂತ ವಿವರಗಳೇ ಮುಖ್ಯ: ಎಲೆಯೋ ತೊಗಟೆಯೋ, ಎಳೆಯದೋ ಬಲಿತದ್ದೋ, ಬಿಸಿನೀರೋ ಎಣ್ಣೆಯೋ. ಮಾಮಾಲದ ವಿಷಯದಲ್ಲೂ ಎಲೆಗೊಂದು ಉಪಯೋಗ, ಬೇರಿಗೊಂದು, ಕಾಂಡಕ್ಕೊಂದು. ಕಾಮಾಲೆಗೆ ಆಗುವುದು ಕಾಂಡವೇ. ಅಲ್ಲಿನ ವೈದ್ಯರು ಈ ಮರದಲ್ಲಿ ಎರಡು ಬಗೆ ಗುರುತಿಸುತ್ತಿದ್ದರು, ಇಂತಿಷ್ಟು ಬೆಳೆದ ಮರವೇ ಬೇಕೆನ್ನುತ್ತಿದ್ದರು. ಗಿಡಮೂಲಿಕೆಯ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಮೊದಲು ಕಳೆದುಹೋಗುವುದೇ ಈ ವಿವರ. "ಮಾಮಾಲ: ಕಾಮಾಲೆಗೆ ಉಪಯುಕ್ತ" ಎಂದು ಬರೆದರೆ ಓದಿದವನು ಎಲೆ ಕಿತ್ತುಕೊಂಡು ಹೋಗುತ್ತಾನೆ. ನಮ್ಮಲ್ಲಿ ಅಂಥ ಪುಸ್ತಕಗಳಿಗೆ ಬರವಿಲ್ಲ.

ಕಾಕ್ಸ್ ಆ ಮಾದರಿಗಳನ್ನು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಗೆ ಕಳಿಸಿದರು. ಎಂಬತ್ತರ ದಶಕದ ಕೊನೆ ಅದು, ಏಡ್ಸ್ ಭಯ ನೆತ್ತಿಗೇರಿದ್ದ ಕಾಲ. ಆ ಸಂಸ್ಥೆ ಸಸ್ಯಸಾರಗಳನ್ನು ಎಚ್‌ಐವಿ ವಿರುದ್ಧವೂ ಪರೀಕ್ಷಿಸುತ್ತಿತ್ತು. ಮಾಮಾಲದ ಸಾರ ಅಲ್ಲಿ ಕೆಲಸ ಮಾಡಿತು. ಅದರೊಳಗಿನ ಪ್ರಾಸ್ಟ್ರಾಟಿನ್ ಎಂಬ ಅಣುವೇ ಇದಕ್ಕೆ ಕಾರಣವೆಂದು 1992ರಲ್ಲಿ ಪ್ರಕಟವಾಯಿತು. ರಸಾಯನಶಾಸ್ತ್ರಜ್ಞರಿಗೆ ಈ ಅಣು ಹೊಸದಾಗಿರಲಿಲ್ಲ, ನ್ಯೂಜಿಲೆಂಡಿನ ಇನ್ನೊಂದು ಗಿಡದಲ್ಲಿ ಮೊದಲೇ ಸಿಕ್ಕಿತ್ತು. ಅದಕ್ಕೆ ಈ ಗುಣವಿದೆಯೆಂಬುದು ಹೊಸದು. ಅದೂ ಕಷ್ಟಪಟ್ಟು ಒಪ್ಪಿದ ಗುಣ. ಏಕೆಂದರೆ ಪ್ರಾಸ್ಟ್ರಾಟಿನ್ ಸೇರಿದ್ದು ಫಾರ್ಬೋಲ್ ಎಂಬ ಗುಂಪಿಗೆ, ಆ ಗುಂಪಿನ ಅಣ್ಣತಮ್ಮಂದಿರಲ್ಲಿ ಕೆಲವರು ಗಡ್ಡೆ ಬೆಳೆಯಲು ಕುಮ್ಮಕ್ಕು ಕೊಡುವ ಪೋಕರಿಗಳು. ಇದು ಹಾಗಲ್ಲವೆಂದು ತೋರಿಸಿದ ಮೇಲೆಯೇ ಅದಕ್ಕೆ ಜೀವ ಬಂದದ್ದು.

ಎಚ್‌ಐವಿಯ ಕಷ್ಟವೆಂದರೆ ಅದು ಕೆಲವು ಜೀವಕೋಶಗಳ ಒಳಗೆ ಹೋಗಿ ಸುಮ್ಮನೆ ಮಲಗಿಬಿಡುತ್ತದೆ. ಔಷಧ ತೆಗೆದುಕೊಂಡಷ್ಟು ದಿನ ರಕ್ತದಲ್ಲಿ ವೈರಸ್ ಕಾಣುವುದಿಲ್ಲ, ನಿಲ್ಲಿಸಿದರೆ ಮತ್ತೆ ಏಳುತ್ತದೆ. ಪ್ರಾಸ್ಟ್ರಾಟಿನ್ ಮಾಡುವುದು ಹುತ್ತಕ್ಕೆ ಹೊಗೆ ಹಾಕಿ ಹಾವನ್ನು ಹೊರಗೆ ಬರಿಸುವ ಕೆಲಸ. ಮಲಗಿದ ಕೋಶವನ್ನು ಎಬ್ಬಿಸಿ, ವೈರಸ್ ಹೊರಗೆ ಬರುವಂತೆ ಮಾಡಿ, ಉಳಿದ ಔಷಧಗಳಿಗೆ ಸಿಗುವಂತೆ ಮಾಡುತ್ತದೆ. ಜೊತೆಗೆ ಆರೋಗ್ಯವಂತ ಕೋಶಗಳ ಮೇಲೆ ವೈರಸ್ ಅಂಟಿಕೊಳ್ಳುವ ಜಾಗಗಳನ್ನೂ ಕಡಿಮೆ ಮಾಡುತ್ತದೆ. ಕಾಗದದ ಮೇಲೆ ಇದಕ್ಕಿಂತ ಚೆಂದದ ಮದ್ದು ಬೇಕಿಲ್ಲ.

ಇಷ್ಟರ ನಡುವೆ ನಡೆದದ್ದು ಶಾಲೆಯ ಕಥೆ.

1988ರಲ್ಲಿ ಫಲೆಯಾಲುಪೊ ಗ್ರಾಮಕ್ಕೆ ಸರ್ಕಾರದಿಂದ ಒಂದು ಸೂಚನೆ ಬಂತು: ಸರಿಯಾದ ಶಾಲಾ ಕಟ್ಟಡ ಕಟ್ಟಿ, ಇಲ್ಲವಾದರೆ ಶಿಕ್ಷಕರನ್ನು ವಾಪಸು ಕರೆಸಿಕೊಳ್ಳುತ್ತೇವೆ. ಹಳ್ಳಿಯವರ ಬಳಿ ದುಡ್ಡಿರಲಿಲ್ಲ, ಕಾಡಿತ್ತು. ಸುಮಾರು 30,000 ಎಕರೆ ಮಳೆಕಾಡು. ಮರದ ಕಂಪನಿಯೊಂದರ ಜೊತೆ ಕರಾರು ಆಯಿತು, ಮರ ಉರುಳತೊಡಗಿತು. ಮಕ್ಕಳ ಓದೋ ಕಾಡೋ ಎಂದು ಕೇಳಿದರೆ ಯಾವ ತಂದೆತಾಯಿ ಕಾಡು ಎನ್ನುತ್ತಾರೆ? ಪರಿಸರವಾದಿಗಳು ಸಾಮಾನ್ಯವಾಗಿ ಇಲ್ಲಿ ಭಾಷಣ ಶುರು ಮಾಡುತ್ತಾರೆ. ಕಾಕ್ಸ್ ಕೇಳಿದ್ದು, ಶಾಲೆಗೆ ಎಷ್ಟು ಬೇಕು ಎಂದು. ಸುಮಾರು 65,000 ಡಾಲರ್. ಆ ದುಡ್ಡನ್ನು ನಾನು ಹೊಂದಿಸುತ್ತೇನೆ, ಕಡಿಯುವುದನ್ನು ನಿಲ್ಲಿಸಿ ಎಂದರು. ಪ್ರಾಧ್ಯಾಪಕನೊಬ್ಬನ ಸಂಬಳಕ್ಕೆ ಅದು ಸಣ್ಣ ಮೊತ್ತವಾಗಿರಲಿಲ್ಲ. ಸ್ವಂತದ್ದನ್ನು ಪಣಕ್ಕಿಟ್ಟು, ಸ್ನೇಹಿತರಲ್ಲಿ, ದಾನಿಗಳಲ್ಲಿ ಕೈಯೊಡ್ಡಿ ಹೊಂದಿಸಿದರು. ಫುಯೊನೊ ಸೆನಿಯೊ ಎಂಬ ಮುಖಂಡರು ಕತ್ತಿ ಹಿಡಿದು ಕಾಡಿಗೆ ಓಡಿ, ಮರ ಕಡಿಯುತ್ತಿದ್ದವರನ್ನು ತಡೆದರು. 1989ರಲ್ಲಿ ಒಪ್ಪಂದವಾಯಿತು: ಕಾಡು ಹಳ್ಳಿಯದೇ, ಒಡೆತನ ಹಳ್ಳಿಯದೇ, ಮದ್ದಿಗೆ, ದೋಣಿಗೆ ಬೇಕಾದದ್ದನ್ನು ತರಬಹುದು, ಮಾರಾಟಕ್ಕೆ ಕಡಿಯುವಂತಿಲ್ಲ.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿಯೆಂದರೆ, ಆ ಒಪ್ಪಂದವಾದಾಗ ಪ್ರಾಸ್ಟ್ರಾಟಿನ್ ಇನ್ನೂ ಪ್ರಕಟವಾಗಿರಲಿಲ್ಲ. ಜೀವವೈವಿಧ್ಯದ ಅಂತರರಾಷ್ಟ್ರೀಯ ಒಪ್ಪಂದ ಬಂದದ್ದು 1992ರಲ್ಲಿ. 'ಲಾಭ ಹಂಚಿಕೆ' ಎಂಬ ಮಾತು ಇನ್ನೂ ಸರ್ಕಾರಿ ಕಡತಗಳಿಗೆ ಇಳಿದಿರಲಿಲ್ಲ. ಲಾಭವೇ ಇಲ್ಲದಾಗ ಹಂಚಿದ ಮೊದಲ ಕಂತು ಆ ಶಾಲೆ. 1997ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿಯನ್ನು ಕಾಕ್ಸ್ ಮತ್ತು ಫುಯೊನೊ ಸೆನಿಯೊ ಇಬ್ಬರಿಗೂ ಜಂಟಿಯಾಗಿ ಕೊಟ್ಟರು. ಕತ್ತಿ ಹಿಡಿದು ಓಡಿದವರನ್ನು ವೇದಿಕೆಯ ಕೆಳಗೆ ಕೂರಿಸಲಿಲ್ಲ ಎಂಬುದು ಸಮಾಧಾನ.

ಕಾಗದದ ಮೇಲಿನ ಲಾಭ ಹಂಚಿಕೆ ಆಮೇಲೆ ಬಂತು, ಅದೂ ದೊಡ್ಡದಾಗಿಯೇ ಬಂತು. 2001ರಲ್ಲಿ ಏಡ್ಸ್ ಸಂಶೋಧನಾ ಸಂಸ್ಥೆಯೊಂದು ಪ್ರಾಸ್ಟ್ರಾಟಿನ್‌ನಿಂದ ಬರುವ ಲಾಭದಲ್ಲಿ ಶೇಕಡ 20 ಸಮೋವಾಕ್ಕೆ ಎಂದು ಸಹಿ ಹಾಕಿತು. 2004ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆ, ಮರದ ವಂಶವಾಹಿಗಳಿಂದ ಏನಾದರೂ ಹುಟ್ಟಿದರೆ ಅರ್ಧ ನಿಮಗೆ, ಅರ್ಧ ನಮಗೆ ಎಂದಿತು. ಲಾಭ ಬರಲಿಲ್ಲ. ಪ್ರಾಸ್ಟ್ರಾಟಿನ್ ಇವತ್ತಿಗೂ ಔಷಧದಂಗಡಿಗೆ ಬಂದಿಲ್ಲ. 2008ರಲ್ಲಿ ಸ್ಟ್ಯಾನ್‌ಫರ್ಡ್‌ನ ಪಾಲ್ ವೆಂಡರ್ ಮತ್ತು ಸಂಗಡಿಗರು ಅದನ್ನು ಪ್ರಯೋಗಾಲಯದಲ್ಲೇ ತಯಾರಿಸುವ ಸುಲಭದ ದಾರಿ ಕಂಡುಹಿಡಿದರು. ಯಾವುದರಿಂದ ಶುರು ಮಾಡಿದರು ಗೊತ್ತೇ? ಜಾಪಾಳದ ಬೀಜದ ಎಣ್ಣೆಯಿಂದ ಬರುವ ಫಾರ್ಬೋಲ್‌ನಿಂದ. ನಮ್ಮಲ್ಲಿ ಭೇದಿಗೆ ಕೊಡುತ್ತಿದ್ದ, ಒಂದು ಕಾಳು ಹೆಚ್ಚಾದರೆ ಪ್ರಾಣಕ್ಕೇ ಬರುವ ಅದೇ ಜಾಪಾಳ. ಎಪೆನೆಸಾರ ಮರ ಇನ್ನು ಬೇಕಾಗಿಲ್ಲ, ಮರದ ಹೆಸರಿನ ಒಪ್ಪಂದ ಮಾತ್ರ ಉಳಿದಿದೆ. ಕಾನೂನು ಓದಿದವರು ಇದರ ಮೇಲೆ ವರ್ಷಗಟ್ಟಲೆ ವಾದಿಸಬಹುದು. ನನಗೆ ಕಾಣುವುದಿಷ್ಟು: ಸೊನ್ನೆಯ ಶೇಕಡ 20 ಸೊನ್ನೆಯೇ, ಶಾಲೆಯ ಕಟ್ಟಡ ಮಾತ್ರ ಅಲ್ಲಿ ನಿಂತಿತು.

ನಮ್ಮ ನೆಲನೆಲ್ಲಿಗೂ ಇಂಥದ್ದೇ ಒಂದು ಹಣೆಬರಹ. ಕಾಮಾಲೆ ತರುವ ಹೆಪಟೈಟಿಸ್ ಬಿ ವೈರಸ್ಸನ್ನು ಪತ್ತೆಹಚ್ಚಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲುಂಬರ್ಗ್, ಮದ್ರಾಸ್ ವಿಶ್ವವಿದ್ಯಾಲಯದ ಎಸ್. ಪಿ. ತ್ಯಾಗರಾಜನ್ ಅವರ ಜೊತೆ ಸೇರಿ ಈ ಗಿಡವನ್ನು ಪರೀಕ್ಷಿಸಿದರು. 1988ರ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ವೈರಸ್ ಹೊತ್ತವರಲ್ಲಿ ಈ ಮದ್ದು ತಿಂದ 37 ಜನರ ಪೈಕಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಖಾಲಿ ಗುಳಿಗೆ ತಿಂದ 23 ಜನರಲ್ಲಿ ಹಾಗಾದದ್ದು ಒಬ್ಬರಿಗೆ. ಜಗತ್ತೇ ಎದ್ದು ಕುಳಿತಿತು. ಮುಂದೆ ಬೇರೆ ಬೇರೆ ಕಡೆ ನಡೆದ ಪರೀಕ್ಷೆಗಳಲ್ಲಿ ಆ ಫಲಿತಾಂಶ ಮತ್ತೆ ಕಾಣಲಿಲ್ಲ. ಗಿಡದ ಜಾತಿ ಬೇರೆಯಿತ್ತೇ, ಕಿತ್ತ ಕಾಲ ಬೇರೆಯಿತ್ತೇ, ಮೊದಲ ಪರೀಕ್ಷೆ ಚಿಕ್ಕದಾಗಿದ್ದುದೇ ಕಾರಣವೇ, ಬಗೆಹರಿಯಲಿಲ್ಲ. ನಮ್ಮ ವೈದ್ಯರು ಮಾತ್ರ ಕೊಡುತ್ತಲೇ ಇದ್ದಾರೆ. ಕಾಮಾಲೆಯ ಹಲವು ಬಗೆಗಳು ತಾವಾಗಿಯೇ ಇಳಿಯುತ್ತವೆ ಎಂಬುದು ಅವರ ಯಶಸ್ಸಿನಲ್ಲಿ ಒಂದು ಪಾಲು. ಹೀಗೆಂದರೆ ಸಂಬಂಧಿಕರ ಮನೆಯ ಊಟದಲ್ಲಿ ಜಗಳವಾಗುತ್ತದೆ, ಆದ್ದರಿಂದ ಬರೆದು ತೀರಿಸಿಕೊಳ್ಳುತ್ತಿದ್ದೇನೆ.

ಕಾಕ್ಸ್ ಅವರ ವೃತ್ತಿಯ ಎರಡನೆಯ ಅರ್ಧ ಶಾಂತಸಾಗರದಲ್ಲೇ ಇರುವ ಗುವಾಮ್ ದ್ವೀಪದ್ದು. ಅಲ್ಲಿ ಅವರು ಹುಡುಕಿದ್ದು ಮದ್ದನ್ನಲ್ಲ, ವಿಷವನ್ನು.

ಎರಡನೆಯ ಮಹಾಯುದ್ಧದ ನಂತರ ಅಲ್ಲಿಗೆ ಹೋದ ಅಮೆರಿಕದ ವೈದ್ಯರು ಬೆಚ್ಚಿದರು. ದ್ವೀಪದ ಮೂಲನಿವಾಸಿಗಳಾದ ಚಮೊರೊ ಜನರಲ್ಲಿ ನರಗಳು ಸೊರಗಿ, ಕೈಕಾಲು ಬಿದ್ದುಹೋಗುವ ಎಎಲ್‌ಎಸ್ ಕಾಯಿಲೆ ಜಗತ್ತಿನ ಉಳಿದ ಕಡೆಗಿಂತ 50ರಿಂದ 100 ಪಟ್ಟು ಹೆಚ್ಚಿತ್ತು. ಕೆಲವರಿಗೆ ಅದು ಪಾರ್ಕಿನ್ಸನ್ ರೂಪದಲ್ಲಿ ಬರುತ್ತಿತ್ತು, ಮರೆವಿನೊಂದಿಗೆ. ಒಂದೇ ಮನೆಯಲ್ಲಿ ಅಣ್ಣನಿಗೆ ಒಂದು ರೂಪ, ತಂಗಿಗೆ ಇನ್ನೊಂದು. ಜನ ಅದನ್ನು ಲಿಟಿಕೊ-ಬೊಡಿಗ್ ಎನ್ನುತ್ತಿದ್ದರು. ದಕ್ಷಿಣದ ಉಮಾಟಾಕ್ ಎಂಬ ಊರಿನಲ್ಲಿ ಕಾಯಿಲೆ ಮನೆಮನೆಗೂ ಹೊಕ್ಕಿತ್ತು. ಮನೆತನದ ಶಾಪ ಎಂದರು, ರಕ್ತದಲ್ಲಿದೆ ಎಂದರು. ಆದರೆ ಆಮೇಲೆ ಹುಟ್ಟಿದ ತಲೆಮಾರಿಗೆ ಕಾಯಿಲೆ ಬರುವುದು ನಿಂತೇಹೋಯಿತು. ರಕ್ತದ ದೋಷ ಅಷ್ಟು ಬೇಗ ಮಾಯವಾಗುವುದಿಲ್ಲ. ಅಂದರೆ ಏನೋ ಬಂದಿತ್ತು, ಹೋಯಿತು.

1954ರಲ್ಲಿ ಮಾರ್ಜೊರಿ ವೈಟಿಂಗ್ ಎಂಬ ಸಂಶೋಧಕಿ ಗುವಾಮ್‌ಗೆ ಹೋಗಿ ಜನರ ಅಡುಗೆಮನೆ ಹೊಕ್ಕರು. ಅಲ್ಲಿನವರು ತಾಳೆಮರದಂತೆ ಕಾಣುವ ಸೈಕಾಸ್ ಮರದ ಬೀಜದ ಹಿಟ್ಟಿನಿಂದ ರೊಟ್ಟಿ ಮಾಡುತ್ತಿದ್ದರು. ಹಸಿ ಬೀಜ ವಿಷ, ಅದು ಅವರಿಗೂ ಗೊತ್ತು. ಸಿಪ್ಪೆ ತೆಗೆದು, ಹೋಳು ಮಾಡಿ, ದಿನಗಟ್ಟಲೆ ನೀರು ಬದಲಿಸುತ್ತಾ ನೆನೆಸಿ, ಒಣಗಿಸಿ, ಬೀಸುತ್ತಿದ್ದರು. ಚಂಡಮಾರುತ ಬಂದು ಬೆಳೆ ಹೋದಾಗ, ಯುದ್ಧದಲ್ಲಿ ಅಕ್ಕಿ ಸಿಗದಿದ್ದಾಗ ಹೊಟ್ಟೆ ತುಂಬಿಸಿದ್ದು ಅದೇ. ಆಗ ಆ ಮರವನ್ನು ಕರೆಯುತ್ತಿದ್ದ ಶಾಸ್ತ್ರೀಯ ಹೆಸರು ಸೈಕಾಸ್ ಸರ್ಸಿನಾಲಿಸ್. ನಿಜವಾದ ಸರ್ಸಿನಾಲಿಸ್ ನಮ್ಮ ಪಶ್ಚಿಮ ಘಟ್ಟದ ಮರ. ಗುವಾಮ್‌ನದ್ದು ಅದಲ್ಲ ಎಂದು 1994ರಲ್ಲಿ ಮೈಕ್ರೊನೇಸಿಕಾ ಎಂದು ಬೇರೆ ಹೆಸರಿಟ್ಟರು. ಕೇರಳದ ಮಲಬಾರಿನಲ್ಲಿ ನಮ್ಮ ಘಟ್ಟದ ಮರದ ಬೀಜವನ್ನೂ ಹೀಗೆಯೇ ಒಣಗಿಸಿ, ನೆನೆಸಿ, ಹಿಟ್ಟು ಮಾಡಿ ತಿನ್ನುವ ರೂಢಿ ಇದೆ.

ಬೆಂಗಳೂರು ಈ ಕಥೆಯಲ್ಲಿ ಬರುವುದು ಇಲ್ಲಿ. ಬಹಳ ಜನ ಇದನ್ನು ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಕೇಸರಿ ಬೇಳೆಯನ್ನೇ ತಿಂಗಳುಗಟ್ಟಲೆ ತಿಂದವರಿಗೆ ಕಾಲು ಸೆಟೆದು ಹೋಗುತ್ತದೆ. ಮಧ್ಯಭಾರತದ ಬರಗಾಲಗಳಲ್ಲಿ ಹೀಗೆ ಸೊಂಟದಿಂದ ಕೆಳಗೆ ಸೋತವರು ಲೆಕ್ಕವಿಲ್ಲ. ಆ ಬೇಳೆಯಲ್ಲಿರುವ ವಿಷವನ್ನು ಬೇರ್ಪಡಿಸಿ, ಅದರ ರಚನೆಯನ್ನು 1964ರಲ್ಲಿ ಪ್ರಕಟಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾವ್, ಅಡಿಗ ಮತ್ತು ಶರ್ಮ. ಅದೊಂದು ಅಮೈನೋ ಆಮ್ಲ. ಸಾಮಾನ್ಯವಾಗಿ ಅಮೈನೋ ಆಮ್ಲವೆಂದರೆ ಪ್ರೋಟೀನಿನ ಇಟ್ಟಿಗೆ ಎಂದಷ್ಟೇ ಕಲಿಯುತ್ತೇವೆ. ಅದೇ ಜಾತಿಯ ಇನ್ನೊಂದು ಅಣು ನರಗಳನ್ನೇ ಕೊಲ್ಲಬಲ್ಲದು ಎಂಬುದು ಆಗ ದೊಡ್ಡ ಮಾತು. ಕೇಸರಿ ಬೇಳೆಯ ಕುಲದ ಸಸ್ಯಗಳ ಮೇಲೆಯೇ ಕೆಲಸ ಮಾಡುತ್ತಿದ್ದ ಇಂಗ್ಲೆಂಡಿನ ಆರ್ಥರ್ ಬೆಲ್, ಸೈಕಾಸ್ ಬೀಜದಲ್ಲೂ ಅಂಥದ್ದೇನಾದರೂ ಇದೆಯೇ ಎಂದು ನೋಡಿದರು. ಇತ್ತು. 1967ರಲ್ಲಿ ಪ್ರಕಟವಾದ ಆ ಅಣುವಿನ ಹೆಸರು ಬಿಎಂಎಎ. ನಮ್ಮ ಕೇಸರಿ ಬೇಳೆಯ ವಿಷಕ್ಕೆ ಹತ್ತಿರದ ನೆಂಟ.

ಆದರೆ ತೊಳೆದ ಹಿಟ್ಟಿನಲ್ಲಿ ಬಿಎಂಎಎ ಬಹಳ ಕಡಿಮೆ. 1987ರಲ್ಲಿ ಮಂಗಗಳಿಗೆ ಅದನ್ನು ಕೊಟ್ಟು ನರರೋಗ ತರಿಸಿದರು ನಿಜ, ಆದರೆ ಅಷ್ಟು ಪ್ರಮಾಣ ಮನುಷ್ಯನ ಹೊಟ್ಟೆಗೆ ಹೋಗಬೇಕಾದರೆ ಮೂಟೆಗಟ್ಟಲೆ ರೊಟ್ಟಿ ತಿನ್ನಬೇಕು ಎಂದು ಇತರರು ಗಣಿತ ಮಾಡಿ ತೋರಿಸಿದರು. ಸೈಕಾಸ್ ವಾದ ಅಲ್ಲಿಗೆ ತಣ್ಣಗಾಯಿತು.

ಆಗ ಕಾಕ್ಸ್ ಅವರಿಗೆ ಬಾವಲಿ ನೆನಪಾಯಿತು. ಗುವಾಮ್‌ನ ಬಾವಲಿಗಳು ಸೈಕಾಸ್ ಬೀಜದ ಮೇಲಿನ ತಿರುಳನ್ನು ತಿನ್ನುತ್ತವೆ. ಚಮೊರೊ ಜನರಿಗೆ ಬಾವಲಿ ಹಬ್ಬದೂಟ. ತೆಂಗಿನ ಹಾಲಿನಲ್ಲಿ ಇಡಿಯಾಗಿ ಬೇಯಿಸಿ, ಚರ್ಮ, ರೋಮ, ಕಣ್ಣು, ಮಿದುಳು ಸಮೇತ ತಿನ್ನುತ್ತಿದ್ದರು. ಯುದ್ಧದ ನಂತರ ಬಂದೂಕು ಬಂತು, ಕೈಯಲ್ಲಿ ನಗದು ಬಂತು, ಬೇಟೆ ಹೆಚ್ಚಿತು, ಬಾವಲಿ ಕಡಿಮೆಯಾಯಿತು. ಅಲ್ಲಿದ್ದ ಎರಡು ಜಾತಿಗಳಲ್ಲಿ ಚಿಕ್ಕದು ಅಳಿದೇ ಹೋಯಿತು. ಸ್ವಂತದ್ದು ಮುಗಿದ ಮೇಲೆ ಸಮೋವಾದಿಂದ ತರಿಸಿಕೊಳ್ಳತೊಡಗಿದರು. ಸಮೋವಾದಲ್ಲಿ ಸೈಕಾಸ್ ತಿನ್ನುವ ಸಂದರ್ಭ ಆ ಬಾವಲಿಗಳಿಗೆ ಇರಲಿಲ್ಲ. ಬಾವಲಿಯ ಏರಿಳಿತಕ್ಕೂ ಕಾಯಿಲೆಯ ಏರಿಳಿತಕ್ಕೂ, ಕೆಲವು ವರ್ಷಗಳ ಅಂತರದಲ್ಲಿ, ತಾಳೆಯಾಗುತ್ತದೆ ಎಂದು 2002ರಲ್ಲಿ ಕಾಕ್ಸ್, ನರವೈದ್ಯ ಆಲಿವರ್ ಸ್ಯಾಕ್ಸ್ ಜೊತೆ ಬರೆದರು. ಮರುವರ್ಷ ಸಾಂಡ್ರಾ ಬನಾಕ್ ಅವರೊಂದಿಗೆ ವಸ್ತುಸಂಗ್ರಹಾಲಯದಲ್ಲಿ ದಶಕಗಳಿಂದ ಇದ್ದ ಗುವಾಮ್ ಬಾವಲಿಗಳ ಒಣ ಚರ್ಮವನ್ನು ಪರೀಕ್ಷಿಸಿದರು. ಗ್ರಾಂಗೆ ಸರಾಸರಿ 3,556 ಮೈಕ್ರೊಗ್ರಾಂ ಬಿಎಂಎಎ. ಒಂದು ಬಾವಲಿ ತಿಂದರೆ 174ರಿಂದ 1,014 ಕಿಲೊ ತೊಳೆದ ಹಿಟ್ಟು ತಿಂದಷ್ಟು ಎಂದು ಲೆಕ್ಕ ಹಾಕಿದರು.

ಇನ್ನೂ ಮುಂದೆ ಹೋದರೆ, ಬಿಎಂಎಎ ಮಾಡುವುದು ಮರವೇ ಅಲ್ಲ, ಅದರ ಬೇರಿನಲ್ಲಿ ಮನೆ ಮಾಡಿಕೊಂಡ ನಾಸ್ಟಾಕ್ ಎಂಬ ನೀಲಿ-ಹಸಿರು ಪಾಚಿ. ಪಾಚಿಯಿಂದ ಬೇರಿಗೆ, ಬೇರಿನಿಂದ ಬೀಜಕ್ಕೆ, ಬೀಜದಿಂದ ಬಾವಲಿಗೆ, ಬಾವಲಿಯಿಂದ ಮನುಷ್ಯನಿಗೆ. ಮೊದಲ ಸಲ ಓದಿದಾಗ ಪತ್ತೇದಾರಿ ಕಾದಂಬರಿಯ ಕೊನೆಯ ಅಧ್ಯಾಯದಂತೆ ಇಡೀ ರಾತ್ರಿ ನನ್ನನ್ನು ಕೂರಿಸಿತ್ತು. ಬಾವಲಿಯ ಬದುಕು ಗೊತ್ತಿದ್ದ, ಬೇರೆಯವರ ಊಟವನ್ನು ಮೂಗು ಮುರಿಯದೆ ನೋಡಬಲ್ಲ ಮನುಷ್ಯನಿಗೆ ಮಾತ್ರ ಹೊಳೆಯುವಂಥ ಊಹೆ ಅದು. ಪ್ರಯೋಗಾಲಯದಲ್ಲೇ ಕುಳಿತ ನರವಿಜ್ಞಾನಿಗೆ ಹೊಳೆಯುತ್ತಿರಲಿಲ್ಲ.

ಹೊಳೆಯುವುದು ಬೇರೆ, ನಿಲ್ಲುವುದು ಬೇರೆ. ಸತ್ತ ಚಮೊರೊ ರೋಗಿಗಳ ಮಿದುಳಿನಲ್ಲಿ ಬಿಎಂಎಎ ಇದೆಯೆಂದು ಕಾಕ್ಸ್ ತಂಡ ಹೇಳಿದರೆ, 2005ರಲ್ಲಿ ಇನ್ನೊಂದು ತಂಡ ನಮಗೆ ಕಾಣಲಿಲ್ಲ ಎಂದಿತು. ಅಳೆಯುವ ವಿಧಾನವೇ ಸರಿಯಿಲ್ಲ ಎಂದು ಎರಡೂ ಕಡೆಯವರು ಪರಸ್ಪರ ಬೆರಳು ತೋರಿಸಿದರು. 2007ರಲ್ಲಿ ಬಂದ ಗುವಾಮ್‌ನ ಒಂದು ದೊಡ್ಡ ಸಮೀಕ್ಷೆಯಲ್ಲಿ ಸೈಕಾಸ್ ಬೀಜ ಆಯ್ದವರಿಗೂ ತಿಂದವರಿಗೂ ಕಾಯಿಲೆಯೊಂದಿಗೆ ನಂಟು ಕಂಡಿತು, ಬಾವಲಿ ತಿಂದವರಿಗೆ ಅಂಥ ನಂಟು ಕಾಣಲಿಲ್ಲ. 2005ರಲ್ಲಿ ಕಾಕ್ಸ್ ತಂಡವೇ, ನೀಲಿ-ಹಸಿರು ಪಾಚಿಯ ಬಹುತೇಕ ಎಲ್ಲ ಬಗೆಗಳೂ ಬಿಎಂಎಎ ತಯಾರಿಸುತ್ತವೆ ಎಂದಿತ್ತು. ನನ್ನ ಅನುಮಾನ ಶುರುವಾಗುವುದು ಅಲ್ಲೇ. ನಾಸ್ಟಾಕ್, ಅನಬೀನಾಗಳನ್ನು ಸಾರಜನಕಕ್ಕಾಗಿ ಭತ್ತದ ಗದ್ದೆಗೆ ಹಾಕಿ ಎಂದು ನಮ್ಮ ಕೃಷಿ ಅಧಿಕಾರಿಗಳು ಹೇಳಿಕೊಂಡು ಬಂದಿದ್ದಾರೆ. ಅಜೋಲಾದ ಎಲೆಯೊಳಗೆ ಇರುವುದೂ ಅಂಥ ಪಾಚಿಯೇ, ಅದನ್ನು ಹಸುವಿಗೂ ಹಾಕುತ್ತೇವೆ. ಎಲ್ಲ ಕಡೆ ಇರುವ ವಿಷ ಒಂದೇ ದ್ವೀಪದಲ್ಲಿ, ಒಂದೇ ಕಾಲದಲ್ಲಿ ಅಷ್ಟು ಜನರನ್ನು ಮಲಗಿಸಬೇಕಾದರೆ, ಪ್ರಮಾಣದ ಲೆಕ್ಕ ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಆ ಲೆಕ್ಕವೇ ಇನ್ನೂ ಜಗಳದಲ್ಲಿದೆ. ಅಜೋಲಾ ಹಾಕಿದವರು ಇದನ್ನು ಓದಿ ಗಾಬರಿಯಾಗಿ ಗದ್ದೆಗೆ ಓಡಬೇಕಾಗಿಲ್ಲ.

ಕಾಕ್ಸ್ ಅಲ್ಲಿಗೆ ನಿಲ್ಲಲಿಲ್ಲ. ವಯೋಮಿಂಗ್‌ನ ಜಾಕ್ಸನ್‌ನಲ್ಲಿ ಚಿಕ್ಕದೊಂದು ಸಂಶೋಧನಾ ಸಂಸ್ಥೆ ಕಟ್ಟಿ ಮುಂದುವರಿದರು. ಸೆರೀನ್ ಎಂಬ ಸಾಧಾರಣ ಅಮೈನೋ ಆಮ್ಲದ ಜಾಗದಲ್ಲಿ ಬಿಎಂಎಎ ನುಸುಳಿ, ಪ್ರೋಟೀನನ್ನು ತಪ್ಪಾಗಿ ಮಡಿಸುತ್ತದೆ ಎಂದು 2013ರಲ್ಲಿ ಅವರೂ ಆಸ್ಟ್ರೇಲಿಯಾದ ಸಂಗಡಿಗರೂ ವಾದಿಸಿದರು. ಹಾಗಿದ್ದರೆ ಸೆರೀನ್ ಹೆಚ್ಚು ಕೊಟ್ಟರೆ? ಸೇಂಟ್ ಕಿಟ್ಸ್ ದ್ವೀಪದ ವರ್ವೆಟ್ ಮಂಗಗಳಿಗೆ 140 ದಿನ ಬಿಎಂಎಎ ತಿನ್ನಿಸಿದಾಗ ಅವುಗಳ ಮಿದುಳಿನಲ್ಲಿ ಅಲ್ಜೈಮರ್ಸ್‌ನಲ್ಲಿ ಕಾಣುವಂಥ ಗಂಟುಗಳು ಹುಟ್ಟಿದವು, ಜೊತೆಗೆ ಸೆರೀನ್ ಕೊಟ್ಟವುಗಳಲ್ಲಿ ಗಂಟುಗಳು ಕಡಿಮೆಯಿದ್ದವು. 2016ರಲ್ಲಿ ಇದು ಪ್ರಕಟವಾಯಿತು. ಎಎಲ್‌ಎಸ್ ಇರುವ 20 ರೋಗಿಗಳಿಗೆ ಸೆರೀನ್ ಕೊಟ್ಟು ನೋಡಿದ ಮೊದಲ ಹಂತದ ಪರೀಕ್ಷೆ ಅದರಿಂದ ಅಪಾಯವಿಲ್ಲ ಎಂದಿತು. ಗುಣವಿದೆ ಎನ್ನಲು 20 ಜನ ಸಾಲದು. ನೆಲನೆಲ್ಲಿಯ 37 ಜನ ಏನು ಕಲಿಸಿದರು ಎಂಬುದು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಸೆರೀನ್ ಪುಡಿ ಡಬ್ಬಿಯಲ್ಲಿ, ಆನ್‌ಲೈನಿನಲ್ಲಿ, ಚೀಟಿಯಿಲ್ಲದೆ ಸಿಗುತ್ತದೆ. ಬೇರೆ ದಾರಿಯಿಲ್ಲದ ರೋಗಿ ಅದನ್ನು ತರಿಸಿಕೊಂಡರೆ ನಾನು ಬೈಯುವುದಿಲ್ಲ. ಮಾರುವವರ ಜಾಹೀರಾತಿನ ಭಾಷೆಗೆ ಬೈಯುತ್ತೇನೆ.

ಗುವಾಮ್ ಬಗ್ಗೆ ಓದುವಾಗಲೆಲ್ಲ ನನಗೆ ಸಾಗರ ತಾಲ್ಲೂಕಿನ ಹಂದಿಗೋಡು ನೆನಪಾಗುತ್ತದೆ. 1975ರ ಸುಮಾರಿಗೆ ಅಲ್ಲಿ ಕೆಲವು ದಲಿತ ಕುಟುಂಬಗಳಲ್ಲಿ ಸೊಂಟದ, ಮಂಡಿಯ ಕೀಲು ಸವೆದು, ನಡುಹರೆಯದವರೂ ಕೋಲು ಹಿಡಿಯುವ ಕಾಯಿಲೆ ಬೆಳಕಿಗೆ ಬಂತು. ಹೊರಗಿನವರ ಮೊದಲ ಅನುಮಾನ ಅವರ ತಟ್ಟೆಯ ಮೇಲೆಯೇ ಬಿತ್ತು: ಕೀಟನಾಶಕ ಹೊಡೆದ ಗದ್ದೆಯ ಏಡಿ ತಿನ್ನುತ್ತಾರೆ, ಅದಕ್ಕೇ ಹೀಗೆ ಎಂದರು. ಗುವಾಮ್‌ನಲ್ಲಿ ರಕ್ತವೆಂದು ಶುರುವಾಗಿ ಊಟದ ಕಡೆ ಹೊರಳಿದ ಹುಡುಕಾಟ, ಇಲ್ಲಿ ಊಟವೆಂದು ಶುರುವಾಗಿ ರಕ್ತಕ್ಕೆ ಬಂದು ನಿಂತಿತು. ತಂದೆ ಅಥವಾ ತಾಯಿ, ಒಬ್ಬರಿಂದ ಬಂದರೂ ಸಾಕು, ಮಕ್ಕಳಿಗೆ ಇಳಿಯಬಲ್ಲ ವಂಶವಾಹಿ ಕಾಯಿಲೆ ಅದು ಎಂದು ಮುಂದೆ ತಿಳಿಯಿತು. ಏಡಿ ನಿರಪರಾಧಿ. ಏಡಿ ತಿಂದವರು ಅಷ್ಟು ವರ್ಷ ಕೇಳಿಸಿಕೊಂಡ ಮಾತು ವಾಪಸಾಗಲಿಲ್ಲ.

ತಂಡಗಳು ಬಂದವು, ರಕ್ತ ತೆಗೆದವು, ಎಕ್ಸ್‌ರೇ ತೆಗೆದವು, ಹೋದವು. ಕಾಯಿಲೆಗೆ ಊರಿನ ಹೆಸರು ಬಿತ್ತು, ಮದ್ದು ಬರಲಿಲ್ಲ. ಆ ಕಡೆಯ ಹಿರಿಯರೊಬ್ಬರು, ತಾವೂ ತೋಳು ಚಾಚಿ ರಕ್ತ ಕೊಟ್ಟವರು, ನನ್ನನ್ನು ಕೇಳಿದ್ದು ವಂಶವಾಹಿಯ ಬಗ್ಗೆ ಅಲ್ಲ. "ಅಷ್ಟೊಂದು ತೆಗೆದುಕೊಂಡು ಹೋದರಲ್ಲ, ಒಂದು ಕಾಗದವನ್ನಾದರೂ ಬರೆದು, ಏನು ಸಿಕ್ಕಿತು ಅಂತ ತಿಳಿಸಬಾರದಿತ್ತೇ?" ಎಂದರು. ಫಲೆಯಾಲುಪೊದ ಶಾಲೆಯ ವಿಷಯವನ್ನು ಅವರಿಗೆ ಹೇಳಿದೆ. ಎಷ್ಟು ಕೋಣೆಯ ಶಾಲೆ ಎಂದು ಕೇಳಿದರು.